ತಾಸಿನ ಲೆಕ್ಕದ ಕಣ್ಣು

ಯರಗಟ್ಟಿಯ ಬಸ್ ಸ್ಟ್ಯಾಂಡಿನಿಂದ ಬೆಳಗಾವಿ ರಸ್ತೆ ಹಿಡಿದು ನಾಲ್ಕು ಹೆಜ್ಜೆ ನಡೆದರೆ ಎಡಕ್ಕೆ ಎರಡು ಅಂಗಡಿಗಳಿವೆ. ಒಂದು ನನ್ನದು. ಅಲ್ಲಿ ಝೆರಾಕ್ಸ್, ಆನ್‌ಲೈನ್ ಅರ್ಜಿ, ಪಾಸ್‌ಪೋರ್ಟ್ ಸೈಜಿನ ಫೋಟೊ ಸಿಗುತ್ತವೆ. ಇನ್ನೊಂದು ಇಮಾಮಸಾಬರ ಗ್ಯಾರೇಜು. ಅಲ್ಲಿ ಟ್ರ್ಯಾಕ್ಟರ್ ರಿಪೇರಿ, ಡೀಸೆಲ್ ಎಂಜಿನ್ ರಿಪೇರಿ ಮತ್ತು ಉಪದೇಶ ಸಿಗುತ್ತವೆ. ಎರಡರ ನಡುವೆ ಇರುವುದು ಒಂದು ತಗಡಿನ ಗೋಡೆ. ಹಾಗಾಗಿ ಅವರ ಬಗ್ಗೆ ನಾನು ಹೇಳುವುದರಲ್ಲಿ ಅರ್ಧ ಕಣ್ಣಾರೆ ಕಂಡದ್ದು, ಅರ್ಧ ತಗಡಿನಾಚೆಯಿಂದ ಕೇಳಿಸಿದ್ದು. ಕದ್ದು ಕೇಳಿದೆ ಎಂದುಕೊಳ್ಳಬೇಡಿ. ಅವರ ದನಿಯೇ ಅಂಥದ್ದು, ಬಸ್ಸಿನ ಹಾರ್ನನ್ನೂ ಮೀರಿಸುತ್ತದೆ.

ಇಮಾಮಸಾಬರಿಗೆ ಅರವತ್ತೊಂದು. ಹಾಗೆಂದು ನಾವು ಹೇಳುತ್ತೇವೆ, ಅವರು ಒಪ್ಪುವುದಿಲ್ಲ. ವರ್ಷದ ಲೆಕ್ಕವೇ ತಪ್ಪು ಎನ್ನುವುದು ಅವರ ವಾದ. ಟ್ರ್ಯಾಕ್ಟರಿನಲ್ಲಿ ಒಂದು ಮೀಟರ್ ಇರುತ್ತದೆ. ಎಂಜಿನ್ ಎಷ್ಟು ತಾಸು ಓಡಿದೆ ಎಂದು ಅದು ತೋರಿಸುತ್ತದೆ. ಇಂತಿಷ್ಟು ತಾಸು ಆದ ಮೇಲೆ ಆಯಿಲ್ ಬದಲಿಸಬೇಕು, ಇಂತಿಷ್ಟಾದ ಮೇಲೆ ಫಿಲ್ಟರ್. ಯಾರೇ ಗ್ಯಾರೇಜಿಗೆ ಬರಲಿ, ಕುಶಲ ಕೇಳುವ ಮೊದಲು ಅವರು ಕೇಳುವುದು ಒಂದೇ: "ಎಷ್ಟ ತಾಸ ಓಡೈತಿ?" ಮನುಷ್ಯರನ್ನೂ ಅವರು ಅಳೆಯುವುದು ಹೀಗೆಯೇ. ಸಂಗೊಳ್ಳಿಯ ಗಂಗಪ್ಪಜ್ಜ ತೊಂಬತ್ತಕ್ಕೆ ತೀರಿಕೊಂಡಾಗ ಊರೆಲ್ಲ ತುಂಬು ಜೀವನ ಎಂದಿತು. ಇವರು ಮಾತ್ರ, "ತೊಂಬತ್ತ ವರ್ಷ ಇದ್ದ, ಖರೇ. ಆದ್ರ ಓಡಿದ್ದೆಷ್ಟು? ಜೀವಮಾನ ಪೂರಾ ಕಟ್ಟೀಮ್ಯಾಲ ಕುಂತಾಂವ. ಇನ್ನೂ ಮೂವತ್ತ ವರ್ಷದ ಮಾಲ ಬಾಕಿ ಇತ್ತು," ಎಂದು ಮರುಗಿದರು.

ಅವರ ಎಡಗಣ್ಣು ಇಪ್ಪತ್ತು ವರ್ಷದ ಹಿಂದೆಯೇ ಹೋಗಿತ್ತು. ಉಳಿ ಹೊಡೆಯುವಾಗ ಕಬ್ಬಿಣದ ಚೂರು ಸಿಡಿದು ಬಿದ್ದಿತ್ತು. ಆ ಕಣ್ಣಿಗೆ ಕಾಣುವುದು ಬೆಳಕು, ಮತ್ತು ಎದುರಿಗೆ ಏನೋ ಬಂದು ನಿಂತಿದೆ ಎನ್ನುವಷ್ಟು. ಸಂಸಾರ, ಗ್ಯಾರೇಜು, ಪೇಪರು, ಮೊಬೈಲು ಎಲ್ಲವೂ ಬಲಗಣ್ಣಿನ ಮೇಲೆಯೇ ನಡೆಯುತ್ತಿದ್ದವು. ಆ ಬಲಗಣ್ಣು ಕೈಕೊಡತೊಡಗಿದೆ ಎಂದು ಮೊದಲು ಗೊತ್ತಾದದ್ದು ಇವರಿಗಲ್ಲ, ಟ್ರ್ಯಾಕ್ಟರ್ ತಂದಿದ್ದ ದುಂಡಪ್ಪನಿಗೆ.

ಎಂಜಿನ್ನಿನೊಳಗೆ ಪುಶ್ ರಾಡ್ ಎಂದು ಗೇಣುದ್ದದ ಕಬ್ಬಿಣದ ಕಡ್ಡಿಗಳಿರುತ್ತವೆ. ಅವು ನೆಟ್ಟಗಿರಬೇಕು. ಆ ದಿನ ದುಂಡಪ್ಪ ಹೊಸ ಕಡ್ಡಿ ತಂದುಕೊಟ್ಟರೆ ಇವರು ಬಿಸಿಲಿಗೆ ಹಿಡಿದು ನೋಡಿ "ಡೊಂಕ ಐತಿ" ಎಂದರು. ಅಂಗಡಿಗೆ ಹೋಗಿ ಬದಲಿಸಿ ತಂದ. ಅದೂ ಡೊಂಕು. ಮೂರನೆಯದೂ ಡೊಂಕು. ನಾಲ್ಕನೆಯ ಸಲ ದುಂಡಪ್ಪ ಗ್ಯಾರೇಜಿಗೆ ಹೋಗದೆ ಸೀದಾ ನನ್ನ ಅಂಗಡಿಗೆ ಬಂದ. ಇಬ್ಬರೂ ಆ ಕಡ್ಡಿಯನ್ನು ಝೆರಾಕ್ಸ್ ಮೆಶಿನ್ನಿನ ಗಾಜಿನ ಮೇಲಿಟ್ಟು ಉರುಳಿಸಿದೆವು. ಸರಾಗವಾಗಿ ಉರುಳಿತು, ಕೂದಲೆಳೆಯಷ್ಟೂ ಡೊಂಕಿಲ್ಲ. ಅಷ್ಟರಲ್ಲಿ ಇಮಾಮಸಾಬರೇ ಜಗಳ ಹುಡುಕಿಕೊಂಡು ಬಂದು, ಬಾಗಿಲಲ್ಲೇ ನಿಂತು ಗೋಡೆಯ ಕಡೆ ನೋಡಿದರು.

"ಪ್ರಜ್ಞಾ, ನಿಮ್ಮ ಬುದ್ಧನ ಫೋಟೋದ ಚೌಕಟ್ಟ ಯಾರ ಬಗ್ಗಿಸ್ಯಾರವಾ?"

ಚೌಕಟ್ಟು ನೆಟ್ಟಗಿತ್ತು. ದುಂಡಪ್ಪ ನನ್ನ ಮುಖ ನೋಡಿದ, ನಾನು ಅವನ ಮುಖ ನೋಡಿದೆ. ಮರುದಿನವೇ ಅವರನ್ನು ಬೆಳಗಾವಿಯ ಕಣ್ಣಿನ ದವಾಖಾನೆಗೆ ಕರೆದುಕೊಂಡು ಹೋದೆ. ಅಪಾಯಿಂಟ್‌ಮೆಂಟ್ ಮಾಡಿದವಳೂ ನಾನೇ, ಕೊಟ್ಟ ಮೊಬೈಲ್ ನಂಬರೂ ನನ್ನದೇ.

ಅಲ್ಲಿ ಡಾಕ್ಟರ್ ಉಮಾಶ್ರೀ ನೋಡಿದರು. ಚಿಕ್ಕ ವಯಸ್ಸಿನವರು, ನಮ್ಮ ಬೈಲಹೊಂಗಲ ಕಡೆಯ ಮಾತು. ವರ್ಷಗಟ್ಟಲೆ ಲೆಕ್ಕಿಸದೆ ಬಿಟ್ಟ ಸಕ್ಕರೆ ಕಾಯಿಲೆಯಿಂದ ಕಣ್ಣಿನ ಹಿಂಪರದೆಯಲ್ಲಿ ನೀರು ತುಂಬಿ ಬಾವು ಬಂದಿದೆ, ಅದಕ್ಕೇ ನೆಟ್ಟಗಿರುವುದೆಲ್ಲ ಡೊಂಕಾಗಿ ಕಾಣುತ್ತಿದೆ ಎಂದರು. ತಿಂಗಳಿಗೊಂದು ಇಂಜೆಕ್ಷನ್ ಎಂದು ಹೇಳಿ ಮೊದಲನೆಯದನ್ನು ಕೊಟ್ಟೂ ಕಳಿಸಿದರು. ಆಮೇಲೆ ಮುಂಗಾರು ಬಿತ್ತನೆ ಶುರುವಾಯಿತು, ಗ್ಯಾರೇಜಿನ ಮುಂದೆ ಟ್ರ್ಯಾಕ್ಟರುಗಳು ಸಾಲುಗಟ್ಟಿದವು, ಎರಡನೆಯ ಇಂಜೆಕ್ಷನ್ನೂ ತಪ್ಪಿತು, ಮೂರನೆಯದೂ ತಪ್ಪಿತು. ಗಣೇಶ ಚವತಿ ಮುಗಿದ ವಾರ ಮತ್ತೆ ಹೋದಾಗ ಡಾಕ್ಟರು ಬೈಯಲಿಲ್ಲ. ಈ ಮನುಷ್ಯ ತಿಂಗಳಿಗೊಮ್ಮೆ ಬರುವ ಗಿರಾಕಿಯಲ್ಲ ಎನ್ನುವುದು ಅವರಿಗೆ ತಿಳಿದುಹೋಗಿತ್ತು.

"ನಿಮಗ ಬ್ಯಾರೆ ಔಷಧಿ ಹಾಕತೇನ್ರಿ ಕಾಕಾ," ಎಂದರು. "ಶಾವಿಗಿ ಚೂರಿನಷ್ಟ ಸಣ್ಣ ಕಡ್ಡಿ. ಔಷಧಿ ಅದರೊಳಗ ಐತಿ. ಕಣ್ಣಾಗ ಕುಂತ ಒಂದ ನಾಕ ತಿಂಗಳ ಸಾವಕಾಶ ಔಷಧಿ ಬಿಡತೈತಿ. ಬಿಡತ ಬಿಡತ ಕಡ್ಡೀನೂ ಕರಗಿ ಹೋಗತೈತಿ."

"ಹಂಗಾರ ಹಳೇ ಪಾರ್ಟು?" ಇಮಾಮಸಾಬರು ಕೇಳಿದರು. ಬಿಚ್ಚಿದ ಹಳೆಯ ಪಾರ್ಟನ್ನು ಪೇಪರಿನಲ್ಲಿ ಸುತ್ತಿ ಮಾಲೀಕನ ಕೈಗೆ ಕೊಡದೆ ಅವರು ಯಾರನ್ನೂ ಕಳಿಸಿದವರಲ್ಲ.

"ಹಳೇ ಪಾರ್ಟ್ ಉಳಿಯೂದಿಲ್ರಿ. ತಗಿಯೂದೂ ಇಲ್ಲ."

ಹನಿ ಹಾಕಿ ಕಣ್ಣು ಮರಗಟ್ಟಿಸಿ, ಪೆನ್ನಿನಂಥ ಸಾಧನದಿಂದ ಟಕ್ ಎಂದು ಹಾಕಿಯೇಬಿಟ್ಟರು. ನಿಮಿಷದ ಕೆಲಸ. ಮಂಚದ ಮೇಲೆ ಮಲಗಿದ್ದ ನಮ್ಮ ಕಾಕಾ ಆ ಸದ್ದು ಕೇಳಿ, "ಸ್ಪ್ರಿಂಗ್ ಚಲೋ ಐತಿ," ಎಂದು ಸರ್ಟಿಫಿಕೇಟ್ ಕೊಟ್ಟರು. ಹೊರಡುವಾಗ ಡಾಕ್ಟರು ನಮ್ಮಿಬ್ಬರನ್ನೂ ಕೂಡಿಸಿ ಹೇಳಿದರು: "ಆರ ವಾರಕ್ಕ ಬರಾಕ ಬೇಕ್ರಿ. ಈ ಔಷಧಿಯಿಂದ ಕೆಲವ್ರಿಗೆ ಕಣ್ಣಿನ ಒಳಗಿನ ಒತ್ತಡ ಏರತೈತಿ. ನೋವ ಇರೂದಿಲ್ಲ, ಏರಿದ್ದ ತಿಳಿಯೂದೂ ಇಲ್ಲ. ಹಂಗ ಬಿಟ್ರ ನೋಡೂ ನರಾನ ಸಾಯತೈತಿ. ಆಮ್ಯಾಲ ಏನ ಮಾಡಿದ್ರೂ ಬರೂದಿಲ್ಲ."

ಇಮಾಮಸಾಬರು ತಲೆಯಾಡಿಸಿದರು. ಟ್ರ್ಯಾಕ್ಟರ್ ಮಾಲೀಕರು ಅವರ ಮುಂದೆ ತಲೆಯಾಡಿಸುವುದೂ ಹೀಗೆಯೇ. ಆಮೇಲೆ ಅವರು ಮಾಡುವುದು ಬೇರೆ. ಅದು ನನಗೆ ಆಗಲೇ ಹೊಳೆಯಬೇಕಿತ್ತು, ಹೊಳೆಯಲಿಲ್ಲ.

ಬಸ್ಸಿನಲ್ಲಿ ಅವರು ಬೆರಳು ಮಡಚಿ ಎಣಿಸುತ್ತಾ ಕುಳಿತಿದ್ದರು. ಒಬ್ಬಳೇ ಮಗಳು ಹಿನಾಕೌಸರ್, ನನ್ನ ಶಾಲೆಯ ಗೆಳತಿ, ರಾಮದುರ್ಗಕ್ಕೆ ಕೊಟ್ಟಿದ್ದಾರೆ. ಮದುವೆಯಾಗಿ ಏಳು ವರ್ಷದ ಮೇಲೆ ಈಗ ಬಸಿರು. ಹೆರಿಗೆ ಜನವರಿ ಕೊನೆಗೆ.

"ನಾಕ ತಿಂಗಳಂದ್ರ ಜನವರಿ ಮೊದಲನೇ ವಾರಕ್ಕ ಔಷಧಿ ಮುಗೀತೈತಿ," ಎಂದರು ಇಮಾಮಸಾಬರು. "ಕೂಸ ಬರೂದ ಕಡೀ ವಾರ. ಮೂರ ವಾರ ಕಮ್ಮಿ ಬಿತ್ತಲ್ಲ ಪ್ರಜ್ಞಾ. ಮೊಮ್ಮಗಂದ ಮಾರೀನೂ ನನಗ ಡೊಂಕ ಕಾಣತೈತೇನು?"

"ಬೇಕಾದ್ರ ಮತ್ತೊಂದ ಹಾಕತಾರ ಬಿಡ್ರಿ ಕಾಕಾ," ಎಂದೆ. ಕೇಳಿಸಿಕೊಂಡರೋ ಇಲ್ಲವೋ, ಮತ್ತೆ ಎಣಿಸತೊಡಗಿದರು.

ಹತ್ತು ದಿನದಲ್ಲಿ ಕಣ್ಣು ತಿಳಿಯಾಯಿತು. ಕಡ್ಡಿಗಳು ನೆಟ್ಟಗಾದವು, ನಮ್ಮ ಬುದ್ಧನ ಚೌಕಟ್ಟೂ ನೆಟ್ಟಗಾಯಿತು. ತಲೆ ಹೊರಳಿಸಿದಾಗ ಕಣ್ಣಿನ ಅಂಚಿನಲ್ಲಿ ಒಂದು ಎಳೆ ತೇಲಿದಂತೆ ಕಾಣುತ್ತದೆ, ಅದೇ ನನ್ನ ಪಾರ್ಟು ಎಂದು ಬಂದವರಿಗೆಲ್ಲ ಹೇಳಿಕೊಂಡು ತಿರುಗಿದರು. ಹನ್ನೊಂದನೆಯ ದಿನ ಬೆಳಿಗ್ಗೆ ಶಟರ್ ಎತ್ತಿದಾಗ ಅವರ ಬಲಗಣ್ಣಿಗೆ ಹಸಿರು ಬಟ್ಟೆ ಕಟ್ಟಿತ್ತು.

"ಏನಾತ್ರೀ ಕಾಕಾ?"

"ಏನೂ ಆಗಿಲ್ಲ. ಗಾಡಿ ಬಂದ್ ಇಟ್ಟೇನಿ," ಎಂದರು. ಆಮೇಲೆ ಸೀಮೆಸುಣ್ಣ ಹಿಡಿದು ತಗಡಿನ ಮೇಲೆ ನನಗೆ ಪಾಠ ಮಾಡಿದರು. ಯಾವ ಪಾರ್ಟೇ ಆಗಲಿ ಸವೆಯುವುದು ಓಡಿದರೆ. ಕಣ್ಣು ದಿನಕ್ಕೆ ಹದಿನಾರು ತಾಸು ತೆರೆದಿರುತ್ತದೆ. ನಾಲ್ಕು ತಿಂಗಳೆಂದರೆ ಸುಮಾರು ಸಾವಿರದ ಒಂಬೈನೂರು ತಾಸಿನ ಮಾಲು. ದಿನಕ್ಕೆ ಎರಡೇ ತಾಸು ಓಡಿಸಿದರೆ ಅದೇ ಮಾಲು ಎರಡೂವರೆ ವರ್ಷ ಬರುತ್ತದೆ. "ಕೂಸಿನ ಮಾರಿ ಅಷ್ಟ ಅಲ್ಲವಾ, ಅದು ಓಡ್ಯಾಡೂದೂ ನೋಡತೇನಿ!"

ಅಂದಿನಿಂದ ಸೂಕ್ಷ್ಮ ಕೆಲಸಕ್ಕೆ ದಿನಕ್ಕೆ ಎರಡು ತಾಸು ಬಟ್ಟೆ ಬಿಚ್ಚುವುದು, ತಗಡಿನ ಮೇಲೆ ಎರಡು ಗೀಟು ಎಳೆಯುವುದು, ಮತ್ತೆ ಕಟ್ಟಿಕೊಳ್ಳುವುದು. ಉಳಿದ ಹೊತ್ತು ಕೈಯ ಅಂದಾಜು ಮತ್ತು ಕಿವಿ. ಎಂಜಿನ್ನಿನ ಸದ್ದು ಕೇಳಿಯೇ ರೋಗ ಹೇಳಬಲ್ಲರು, ಅದರಲ್ಲಿ ಎರಡು ಮಾತಿಲ್ಲ. ಆದರೆ ಎಡಗಣ್ಣಿನ ಭರವಸೆಯ ಮೇಲೆ ಗಿರಾಕಿಗಳನ್ನು ಮಾತಾಡಿಸಲು ಹೊರಟದ್ದು ಕಷ್ಟಕ್ಕೆ ಬಂತು. ಒಂದು ದಿನ ಬಾಗಿಲಲ್ಲಿ ಕರಿ ಆಕಾರವೊಂದು ಬಂದು ನಿಂತಿತು. "ಬರ್ರಿ, ಕುಂತ್ರಿ, ಎಷ್ಟ ತಾಸ ಓಡೈತಿ?" ಎಂದು ಇವರು ಮೂರು ಸಲ ಕೇಳಿದರು. ಎಮ್ಮೆ ಉತ್ತರ ಕೊಡಲಿಲ್ಲ. ಸಿಟ್ಟಿಗೆದ್ದು, "ಮಾತಾಡಾಕ ಏನ ಧಾಡಿ?" ಎಂದು ಅದನ್ನೂ ಬೈದರು. ತಗಡಿನ ಈಚೆ ನಾನು ನಗು ತಡೆಯಲಾಗದೆ ಯಾರದೋ ಜಾತಿ ಪ್ರಮಾಣಪತ್ರದ ಹನ್ನೆರಡು ಝೆರಾಕ್ಸ್ ಹೆಚ್ಚಿಗೆ ತೆಗೆದೆ.

ಅವರ ಹೆಂಡತಿ ಶಾಹಜಾನಬಿ ಕಾಕುಗೆ ಮಾತ್ರ ನಗು ಬರಲಿಲ್ಲ. ಗ್ಯಾರೇಜಿನ ಹಿಂದೆಯೇ ಮನೆ. ಹಾದಿಯಲ್ಲಿದ್ದ ಹಿಟ್ಟಿನ ಡಬ್ಬಿ, ಕೊಡ, ಕೋಳಿ ಎಲ್ಲವನ್ನೂ ಇವರು ಎಡವಿಯಾಗಿತ್ತು. ಕಾಕು ಎರಡನೆಯ ದಿನವೇ ಹೇಳಿದರು: "ಅದು ನೀರಾಗ ಕುಂತ ಕರಗೂ ವಸ್ತು ಅಂತ ಡಾಕ್ಟರಬಾಯಿ ಹೇಳ್ಯಾರಂತ. ಬಚ್ಚಲದಾಗ ಸಬಕಾರ ನೀರಾಗ ಬಿದ್ದಿದ್ರ, ನೀವ ಜಳಕ ಮಾಡಿದ್ರೂ ಕರಗತೈತಿ, ಮಾಡಲಿಲ್ಲಂದ್ರೂ ಕರಗತೈತಿ."

"ಸಬಕಾರ ಬ್ಯಾರೆ, ಪಾರ್ಟ್ ಬ್ಯಾರೆ," ಎಂದರು ಇವರು. ನಲವತ್ತು ವರ್ಷದ ಅನುಭವದ ಮುಂದೆ ಬಚ್ಚಲಿನ ಸಾಬೂನು ನಿಲ್ಲಲಿಲ್ಲ.

ದಸರೆ ಕಳೆಯಿತು. ಆರು ವಾರ ತುಂಬಿದ ದಿನ ದವಾಖಾನೆಯಿಂದ ನನ್ನ ಮೊಬೈಲಿಗೆ ಮೆಸೇಜ್ ಬಂತು. ತೋರಿಸಿದರೆ ಇಮಾಮಸಾಬರು ತಗಡಿನ ಕಡೆ ತಿರುಗಿ ಬೆರಳಿನಿಂದ ಗೀಟು ಸವರಿ ಎಣಿಸಿದರು. "ಮೊದಲಿನ ಹತ್ತ ದಿನದ್ದೂ ಹಿಡದ ಇನ್ನೂರ ಇಪ್ಪತ್ನಾಕ ತಾಸ ಆಗೈತಿ. ಆರ ವಾರಂದ್ರ ಆರನೂರಾ ಎಪ್ಪತ್ತ ತಾಸ ಆಗಬೇಕು. ಸರ್ವೀಸಿಗೆ ಇನ್ನೂ ಬಾಳ ದೂರ ಐತಿ. ಅವ್ರಿಗೆ ಹಂಗ ಹೇಳವಾ."

"ಅವ್ರು ದಿನಾ ಎಣಿಸಿ ಹೇಳ್ಯಾರ್ರಿ, ತಾಸ ಅಲ್ಲ!"

"ನಾ ಬಟ್ಟಿ ಕಟ್ಕೊಂಡಿದ್ದು ಅವ್ರಿಗೆ ಗೊತ್ತಿಲ್ಲಲ್ಲ."

ನಾನು ಕೂಗಾಡಿದೆ. ಅವರು ನನಗಿಂತ ಜೋರಾಗಿ ಕೂಗಾಡಿದರು. ಹಿಂಗಾರು ಬಿತ್ತನೆಯ ಟ್ರ್ಯಾಕ್ಟರುಗಳು ಹೊರಗೆ ನಿಂತಿದ್ದವು, ನನ್ನ ಅಂಗಡಿಯ ಮುಂದೆ ವಿದ್ಯಾರ್ಥಿವೇತನದ ಅರ್ಜಿಯ ಗದ್ದಲ. ದವಾಖಾನೆಯವರು ಫೋನ್ ಮಾಡಿದಾಗ "ಮುಂದಿನ ವಾರ ಬರ್ತಾರೆ" ಎಂದೆ. ಮುಂದಿನ ವಾರವೂ ಅದನ್ನೇ ಹೇಳಿದೆ. ನೋವಿಲ್ಲ, ತಿಳಿಯುವುದಿಲ್ಲ ಎಂದು ಡಾಕ್ಟರು ಹೇಳಿದ್ದು ನನ್ನ ಕಿವಿಗೂ ಬಿದ್ದಿತ್ತು. ಆದರೂ ಸುಮ್ಮನಾದೆ. ಅವರ ಹಟವನ್ನು ಬೈದಷ್ಟೇ ನನ್ನ ಸೋಮಾರಿತನವನ್ನೂ ಬೈದುಕೊಳ್ಳಬೇಕು.

ದೀಪಾವಳಿ ಮುಗಿದ ವಾರ ಹಿನಾಕೌಸರ್ ಏಳು ತಿಂಗಳ ಹೊಟ್ಟೆ ಹೊತ್ತು ತವರಿಗೆ ಬಂದಳು. ಅಪ್ಪ ಕಣ್ಣಿಗೆ ಬಟ್ಟೆ ಕಟ್ಟಿಕೊಂಡು ಬಸ್ ಸ್ಟ್ಯಾಂಡಿಗೆ ಬಂದು, ಅವಳ ಬದಲು ಪಕ್ಕದವಳ ಬ್ಯಾಗು ಇಸಿದುಕೊಂಡು ಹೊರಟರಂತೆ. ಸಂಜೆ ನನ್ನ ಅಂಗಡಿಗೆ ಬಂದು ಎಲ್ಲ ಕೇಳಿಸಿಕೊಂಡಳು. ಬೈಯಲಿಲ್ಲ, ಅಳಲಿಲ್ಲ. ಅವಳು ಶಾಲೆಯಲ್ಲೂ ಹಾಗೆಯೇ. ಸುಮ್ಮನೆ ಕುಳಿತಳೆಂದರೆ ಎದುರಿನವರಿಗೆ ಕಾದಿದೆ ಎಂದರ್ಥ.

ಮರುದಿನ ಸವದತ್ತಿಯ ದವಾಖಾನೆಯಲ್ಲಿ ಅವಳ ತಪಾಸಣೆ. ಬೆಳಿಗ್ಗೆ ಒಂಬತ್ತಾದರೂ ಅವಳು ಮಂಚ ಬಿಟ್ಟು ಏಳಲಿಲ್ಲ. ಶಾಹಜಾನಬಿ ಕಾಕು ಬಂದು ನನ್ನನ್ನು ಕರೆದರು. ಆ ಮನೆಯವರು ತಮ್ಮತಮ್ಮಲ್ಲಿ ಉರ್ದುವಿನಲ್ಲಿ ಮಾತಾಡಿದರೂ ನಾನು ಇದ್ದಾಗ ಜಗಳವನ್ನು ಕನ್ನಡದಲ್ಲೇ ಮಾಡುತ್ತಾರೆ. ಸಾಕ್ಷಿಗೆ ತಿಳಿಯಬೇಕಲ್ಲ.

"ಬಸ್ ಹೋಗತೈತಿ, ಏಳ ಬೇಟಾ," ಎಂದರು ಇಮಾಮಸಾಬರು ಬಾಗಿಲಲ್ಲಿ ನಿಂತು.

"ನಾ ಹೋಗೂದಿಲ್ಲ ಅಬ್ಬಾ. ಹೋದ ತಿಂಗಳ ಪೂರಾ ಮಲಕೊಂಡ ಇದ್ದೆ. ಅಡ್ಯಾಡಿಲ್ಲ, ಕೆಲಸ ಮಾಡಿಲ್ಲ. ತಾಸ ಹಿಡದ ನೋಡಿದ್ರ ಕೂಸಿಗೆ ಇನ್ನೂ ಆರ ತಿಂಗಳ. ಏಳನೇ ತಿಂಗಳ ತಪಾಸಣಿ ಈಗ ಯಾಕ?"

"ಹುಚ್ಚಿ ಅದೀ ಏನು? ನೀ ಮಲಗಿದ್ರ ಕೂಸ ಬೆಳಿಯೂದ ನಿಂದರತೈತೇನು?"

ಹಿನಾ ಅಪ್ಪನ ಕಣ್ಣಿನ ಹಸಿರು ಬಟ್ಟೆಯನ್ನೇ ನೋಡುತ್ತಾ ಮಲಗಿದಳು. ಅವಳು ನೋಡುತ್ತಿರುವುದು ಅವರಿಗೆ ಕಾಣುತ್ತಿರಲಿಲ್ಲ. ಆದರೆ ತಾವೇ ಆಡಿದ ಮಾತು ಅವರ ಕಿವಿಗೆ ಬಿದ್ದಿತ್ತು. "ಅದು ಬ್ಯಾರೆ..." ಎಂದು ಶುರು ಮಾಡಿದರು.

"ನೀವ ಬೆಳಗಾವಿ ಬಸ್ ಹತ್ರಿ," ಎಂದಳು ಹಿನಾ. "ಹತ್ತಿದ್ದ ಫೋಟೊ ಪ್ರಜ್ಞಾ ನನಗ ಕಳಸ್ಲಿ. ಆಮ್ಯಾಲ ನಾ ಸವದತ್ತಿ ಬಸ್ ಹತ್ತತೇನಿ. ನೀವ ಕಣ್ಣ ಕಳಕೊಂಡ್ರ ನಾ ಯಾರಿಗೆ ತೋರಸ್ಲಿ ಅಬ್ಬಾ, ಈ ಕೂಸ?" ಕಡೆಯ ಮಾತಿಗೆ ಅವಳ ದನಿ ಒಡೆಯಿತು. ಅವಳು ಅತ್ತದ್ದನ್ನು ನಾನು ನೋಡಿದ್ದು ಅದೇ ಮೊದಲು.

ಇಮಾಮಸಾಬರು ಬಟ್ಟೆ ಬಿಚ್ಚಿ ಅಂಗಿಯ ಜೇಬಿಗೆ ಹಾಕಿಕೊಂಡರು. ತಗಡಿನ ಮೇಲೆ ಗೀಟು ಎಳೆಯಲಿಲ್ಲ. ಹತ್ತೂವರೆ ಬಸ್ಸಿಗೆ ನಾವು ಹೊರಟೆವು.

ಒತ್ತಡ ಮೂವತ್ತಾರು ಇತ್ತು. ಇಪ್ಪತ್ತೊಂದರ ಒಳಗಿರಬೇಕು ಎಂದರು ಡಾಕ್ಟರ್ ಉಮಾಶ್ರೀ. ಬಟ್ಟೆಯ ಕಥೆ ಕೇಳಿ ಅವರಿಗೆ ಮೊದಲು ನಗು ಬಂತು, ಹಿಂದೆಯೇ ಸಿಟ್ಟು ಬಂತು. ನರದ ಸ್ಕ್ಯಾನ್ ಮಾಡಿಸಿ ವರದಿಗೆ ಕಾಯಲು ಹೇಳಿದರು. ಆ ಅರ್ಧ ತಾಸು ನಾನು ನೋಡಿದಷ್ಟು ಸಲ ಗಡಿಯಾರವನ್ನು ಯಾರೂ ನೋಡಿರಲಾರರು. ಆ ಮೆಸೇಜು, ಫೋನಿನಲ್ಲಿ ನಾನು ಹೇಳಿದ "ಮುಂದಿನ ವಾರ", ಎಲ್ಲ ತಲೆಯಲ್ಲಿ ಸುತ್ತುತ್ತಿದ್ದವು.

"ನರಕ್ಕ ಇನ್ನೂ ಪೆಟ್ಟ ಬಿದ್ದಿಲ್ಲ," ಎಂದರು ಕಡೆಗೆ. "ಹಿಂಗ ಬಿಟ್ಟಿದ್ರ ಕೂಸಿನ ದನಿ ಕೇಳತಿದ್ರಿ, ಮಾರಿ ನೋಡತಿದ್ದಿಲ್ಲ. ಮುಂಜಾನೆ ಒಂದ, ಸಂಜೀಗೆ ಒಂದ ಹನಿ ಕೊಡತೇನಿ. ಗಡಿಯಾರ ನೋಡಿ ಹಾಕೋರಿ, ಗೀಟ ನೋಡಿ ಅಲ್ಲ."

"ಆ ಕಡ್ಡಿ?" ಇಮಾಮಸಾಬರು ಮೆಲ್ಲಗೆ ಕೇಳಿದರು. "ಉಳಸೇನೆಲ್ಲ ಡಾಕ್ಟರಬಾಯಿ. ಐವತ್ತ ದಿನ ಓಡಿಸಿಲ್ಲ."

ಡಾಕ್ಟರು ಪರದೆಯಲ್ಲಿ ಚಿತ್ರ ತೋರಿಸಿದರು. ಕಡ್ಡಿ ಮೊದಲಿನ ಅರ್ಧದಷ್ಟೂ ಇರಲಿಲ್ಲ. "ಅದು ಉದ್ದುದ್ದ ಎಳಿ ಹೆಣದ ಮಾಡಿದ್ದ ವಸ್ತು. ಕಣ್ಣಿನೊಳಗಿನ ನೀರ ಆ ಎಳಿ ಕಡೀತ ಹೋಗತೈತಿ, ಹಗಲೂ ಕಡೀತೈತಿ, ರಾತ್ರೀನೂ ಕಡೀತೈತಿ. ಕಡದ ಚೂರು ಕಡೀಕ ನೀರಾಗಿ, ನಾವು ಬಿಡೂ ಉಸರಾಗಿ ಹೋಗತಾವ. ನೀವ ನೋಡಿದ್ರೇನು, ಬಿಟ್ರೇನು, ಅದಕ್ಕ ಗೊತ್ತಾಗೂದಿಲ್ಲ. ಔಷಧಿ ತನ್ನ ಕೆಲಸ ಮಾಡೇತ್ರಿ ಕಾಕಾ. ನೋಡದ ಬಿಟ್ಟಾವ್ರು ನೀವ."

ಬಸ್ಸಿನಲ್ಲಿ ಅವರು ಕಿಟಕಿಯ ಪಕ್ಕ ಕುಳಿತರು. ಬೆಳೆದು ನಿಂತ ಹತ್ತಿಯ ಹೊಲ, ಕಬ್ಬು ತುಂಬಿದ ಟ್ರ್ಯಾಕ್ಟರುಗಳ ಸಾಲು, ಹೊಸದಾಗಿ ಬಣ್ಣ ಬಳಿದ ಸೇತುವೆ, ಎಲ್ಲವನ್ನೂ ನೋಡುತ್ತಾ ಹೋದರು. "ಈ ಸಲ ಹತ್ತಿ ಚಲೋ ಬಂದೈತಲ್ಲವಾ. ನಾ ನೋಡೇ ಇದ್ದಿಲ್ಲ," ಎಂದರು. ಸ್ವಲ್ಪ ಹೊತ್ತಿಗೆ ನೋಡಿದರೆ ಕೆನ್ನೆಯ ಮೇಲೆ ನೀರು ಇಳಿಯುತ್ತಿತ್ತು. ನನ್ನ ಕಡೆ ತಿರುಗಿ ಗಾಬರಿಯಿಂದ ಕೇಳಿದರು:

"ಅತ್ರ ಔಷಧಿ ಹೊರಗ ಬರತೈತೇನ ಪ್ರಜ್ಞಾ?"

"ಇಲ್ರಿ ಕಾಕಾ. ಅಳ್ರಿ," ಎಂದೆ.

ಮುಂದಿನ ಎರಡೂವರೆ ತಿಂಗಳು ಅವರು ನನ್ನ ಜೀವ ತಿಂದರು. ಹನಿಯ ಹೊತ್ತು ಸಮೀಪಿಸಿದರೆ ತಗಡು ಬಡಿದು "ಟೈಮ್ ಎಷ್ಟಾತು?" ಎನ್ನುವರು. ತಪಾಸಣೆಗೆ ಹೇಳಿದ ದಿನಕ್ಕಿಂತ ಒಂದು ದಿನ ಮೊದಲೇ ಹೋಗಿ ಕೂರಲು ನೋಡುವರು. ಒತ್ತಡ ಇಪ್ಪತ್ತಕ್ಕೆ ಇಳಿಯಿತು. ಹೊಸ ವರ್ಷದ ಹೊತ್ತಿಗೆ ಕಡ್ಡಿ ಪೂರಾ ಕರಗಿತ್ತು. ಕಣ್ಣು ಇನ್ನೂ ತಿಳಿಯಾಗಿದೆ, ಬಾವು ಮರಳಿದರೆ ಮತ್ತೊಂದು ಹಾಕೋಣ ಎಂದರು ಡಾಕ್ಟರು. ಎಷ್ಟು ದಿನ ತಿಳಿಯಾಗಿರುತ್ತದೆ ಎನ್ನುವುದನ್ನು ಮಾತ್ರ ಅವರು ಹೇಳಲಿಲ್ಲ, ಹೇಳಲು ಬರುವಂಥದ್ದೂ ಅಲ್ಲ. ಇಮಾಮಸಾಬರು ದಿನಾ ಬೆಳಿಗ್ಗೆ ನನ್ನ ಅಂಗಡಿಗೆ ಬಂದು ಬುದ್ಧನ ಚೌಕಟ್ಟು ನೋಡಿ, ನೆಟ್ಟಗಿದೆ ಎಂದು ಖಾತ್ರಿ ಮಾಡಿಕೊಂಡು ಹೋಗುತ್ತಿದ್ದರು.

ಜನವರಿ ಕಡೆಯ ವಾರ ಸವದತ್ತಿಯಲ್ಲಿ ಹಿನಾಗೆ ಹೆಣ್ಣುಮಗು ಹುಟ್ಟಿತು. ನಾನು ಹೋದಾಗ ಇಮಾಮಸಾಬರು ಕೈಯನ್ನು ಮೊಣಕೈವರೆಗೆ ತೊಳೆದುಕೊಂಡು ನಿಂತಿದ್ದರು. ಉಗುರಿನ ಸಂದಿಯ ಗ್ರೀಸು ನಲವತ್ತು ವರ್ಷದ್ದು, ಅದು ಹೋಗುವುದಿಲ್ಲ. ಶಾಹಜಾನಬಿ ಕಾಕು ಕೂಸನ್ನು ಅವರ ತೋಳಿನಲ್ಲಿಟ್ಟರು. ಬೆಳಕಿಗೆಂದು ಕಿಟಕಿಯ ಹತ್ತಿರ ಒಯ್ದು, ಬಗ್ಗಿ ನೋಡಿದರು. ಹುಬ್ಬು, ಮೂಗು, ಗದ್ದ ಒಂದೊಂದನ್ನೂ ನೋಡಿದರು. ಕೂಸು ಕಣ್ಣುಗಳನ್ನು ಬಿಗಿಯಾಗಿ ಮುಚ್ಚಿ ಮಲಗಿತ್ತು. ಅವರು ಸುಮ್ಮನೆ ಕಾದರು, ಅದು ತೆರೆಯಲಿಲ್ಲ.

"ತೆರಿಯವ್ವಾ, ತೆರಿ," ಎಂದರು ಕಡೆಗೆ. ಅಷ್ಟು ಮೆತ್ತಗಿನ ದನಿ ಅವರಲ್ಲಿದೆಯೆಂದು ನನಗೆ ಗೊತ್ತಿರಲಿಲ್ಲ. "ಉಳಿಸಿ ಇಟ್ಟ ಏನ ಮಾಡತಿ? ನಾ ಐವತ್ತ ದಿನ ಉಳಿಸಿ ಇಟ್ಟಿದ್ದೆ ಬೇಟಾ. ಒಂದೂ ಉಳೀಲಿಲ್ಲ."